ಹಳೆಯ ಹಾಯಿದೋಣಿ ಕೊಳ್ಳುವಾಗ: ಸೆಂಟಾರ್, ಕೊಂಟೆಸಾ, ಫುಲ್ಮಾರ್, ರಸ್ಲರ್ – ಯಾವುದು ಯಾರಿಗೆ?

ಎರಡು ಚಳಿಗಾಲ ನಾನೂ ನನ್ನ ಹೆಂಡತಿಯೂ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬೋಟ್‌ಯಾರ್ಡ್‌ಗಳಲ್ಲಿ ಏಣಿ ಹತ್ತಿ ಇಳಿದೆವು. ಒಟ್ಟು ಹನ್ನೊಂದು ದೋಣಿ ನೋಡಿದೆವು. ಹತ್ತನ್ನು ಬಿಟ್ಟೆವು, ಹನ್ನೊಂದನೆಯದನ್ನು ಕೊಂಡೆವು. ನಾನು ಗಂಗೊಳ್ಳಿ ಕಡೆಯವನು, ದೋಣಿ ನನಗೆ ಹೊಸದೇನಲ್ಲ. ಆದರೆ ಊರಿನ ದೋಣಿ ಮೀನಿಗೆ ಹೋಗಿ ಸಂಜೆಗೆ ಬರುವ ದೋಣಿ. ಒಳಗೇ ಮಲಗಿ, ಒಳಗೇ ಅಡುಗೆ ಮಾಡಿಕೊಂಡು ಬಂದರಿನಿಂದ ಬಂದರಿಗೆ ವಾರಗಟ್ಟಲೆ ತಿರುಗುವ ಹಾಯಿದೋಣಿಯ ಲೆಕ್ಕವೇ ಬೇರೆ. ಈ ಹುಡುಕಾಟದಲ್ಲಿ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಬ್ರಿಟನ್ನಿನಲ್ಲಿರುವ ಕನ್ನಡಿಗರು ಯಾರಾದರೂ ಇದೇ ಹುಚ್ಚಿಗೆ ಬಿದ್ದಿದ್ದರೆ ಅವರಿಗೆ ಒಂದೆರಡು ಏಣಿ ಹತ್ತುವುದಾದರೂ ತಪ್ಪಲಿ.

ಮೊದಲು ಒಂದು ಧೈರ್ಯದ ಮಾತು. ನಲವತ್ತು ವರ್ಷದ ಕಾರು ಗುಜರಿಗೆ ಹೋಗಿರುತ್ತದೆ. ನಲವತ್ತು ವರ್ಷದ ಫೈಬರ್ ದೋಣಿ ಇನ್ನೂ ಗಟ್ಟಿಯಾಗಿ ತೇಲುತ್ತಿರುತ್ತದೆ. 1970ರ ದಶಕದಲ್ಲಿ ಕಟ್ಟಿದವರು ಫೈಬರ್ ಎಷ್ಟು ದಪ್ಪ ಸಾಕು ಅನ್ನುವುದನ್ನು ಇನ್ನೂ ಕಲಿಯುತ್ತಿದ್ದರು. ಅನುಮಾನ ಬಂದಲ್ಲೆಲ್ಲ ಇನ್ನೊಂದು ಪದರ ಹಾಕಿದರು. ಅದರ ಲಾಭ ಈಗ ನಮಗೆ. ಹಾಗಾಗಿ ಜಾಹೀರಾತಿನಲ್ಲಿ '1978' ಅಂತ ಕಂಡರೆ ಹೆದರಬೇಡಿ.

ಕೊಟ್ಟಿಗೆ ಮೊದಲು, ಎತ್ತು ಆಮೇಲೆ

ನಾವು ಮಾಡಿದ ತಪ್ಪು ಇದು: ದೋಣಿಯನ್ನು ಎಲ್ಲಿ ಕಟ್ಟುತ್ತೇವೆ ಅಂತ ಯೋಚಿಸದೆ ದೋಣಿ ನೋಡಲು ಹೊರಟೆವು. ಕೆಲಸಕ್ಕೆ ಹೋಗುವವರ ದೋಣಿ ವರ್ಷದಲ್ಲಿ ಮುನ್ನೂರು ದಿನ ಕಟ್ಟಿಹಾಕಿಯೇ ಇರುತ್ತದೆ. ಆ ಮುನ್ನೂರು ದಿನ ಅದು ಎಲ್ಲಿ ನಿಲ್ಲುತ್ತದೆ ಅನ್ನುವುದು ಗೊತ್ತಾದರೆ ಅರ್ಧ ಆಯ್ಕೆ ಮುಗಿದ ಹಾಗೆ.

ಮರೀನಾದಲ್ಲಿ, ಅಂದರೆ ದೋಣಿ ಕಟ್ಟಲು ಜಾಗ ಬಾಡಿಗೆಗೆ ಕೊಡುವ ಬಂದರಿನಲ್ಲಿ, ಜಾಗ ಬೇಕೆಂದರೆ ಉದ್ದದ ಲೆಕ್ಕ, ಮೀಟರಿಗೆ ಇಷ್ಟು ಅಂತ. ದಕ್ಷಿಣ ಕರಾವಳಿಯ ಸೋಲೆಂಟ್ ಜಲಸಂಧಿಯ ಸುತ್ತಮುತ್ತ 32 ಅಡಿ ದೋಣಿಗೆ ವರ್ಷಕ್ಕೆ ಹಲವು ಸಾವಿರ ಪೌಂಡ್ ಆಗುತ್ತದೆ. ಚಿಕ್ಕ ಹಳೆಯ ದೋಣಿಯಾದರೆ ಅದರ ಬೆಲೆಗಿಂತ ಒಂದು ವರ್ಷದ ಬಾಡಿಗೆಯೇ ಜಾಸ್ತಿ. ನದಿಯ ನಡುವೆ ತೇಲುಬುಂಡೆಗೆ ಕಟ್ಟುವ ಮೂರಿಂಗ್ ತುಂಬಾ ಅಗ್ಗ, ಆದರೆ ಪ್ರತಿ ಸಲ ಪುಟ್ಟ ರಬ್ಬರ್ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಹೋಗಬೇಕು. ಎಲ್ಲಕ್ಕಿಂತ ಅಗ್ಗ ಅಂದರೆ ಇಳಿತದಲ್ಲಿ ನೀರೆಲ್ಲ ಬಸಿದು ಬರೀ ಕೆಸರು ಉಳಿಯುವ ಹಿನ್ನೀರಿನ ಜಾಗ. ಆದರೆ ಅಲ್ಲಿ ದೋಣಿ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು.

ಇಲ್ಲಿಗೆ ಬಂದಾಗ ಕೀಲ್ ವಿಚಾರ ಬರುತ್ತದೆ. ಕೀಲ್ ಅಂದರೆ ದೋಣಿಯ ಹೊಟ್ಟೆಯ ಕೆಳಗೆ ಇರುವ ಭಾರದ ರೆಕ್ಕೆ. ಗಾಳಿ ದೋಣಿಯನ್ನು ಪಕ್ಕಕ್ಕೆ ತಳ್ಳದಂತೆ, ಮಗುಚದಂತೆ ಹಿಡಿಯುವುದು ಅದೇ. ಹಳೆಯ ದೋಣಿಗಳಲ್ಲಿ ಮುಖ್ಯವಾಗಿ ಮೂರು ಬಗೆ. ನಡುವೆ ಒಂದೇ ಆಳವಾದ ರೆಕ್ಕೆ ಇರುವ ಫಿನ್ ಕೀಲ್. ಎಡಬಲ ಎರಡು ಗಿಡ್ಡ ರೆಕ್ಕೆ ಇರುವ ಜೋಡಿ ಕೀಲ್. ಮುಂದಿನಿಂದ ಚುಕ್ಕಾಣಿಯವರೆಗೆ ಉದ್ದಕ್ಕೆ ಇಳಿದಿರುವ ಉದ್ದ ಕೀಲ್. ಹಾಯಿ, ಎಂಜಿನ್, ತಂತಿ, ಹಾಸಿಗೆ ಎಲ್ಲವನ್ನೂ ಬದಲಾಯಿಸಬಹುದು. ಕೀಲ್ ಬದಲಾಯಿಸಲು ಆಗುವುದಿಲ್ಲ. ಅದಕ್ಕೇ ಅದನ್ನು ಮೊದಲು ತೀರ್ಮಾನಿಸಿ ಅನ್ನುತ್ತೇನೆ.

ಸೆಂಟಾರ್: ಕೆಸರಿನಲ್ಲಿ ನಿಲ್ಲುವ ಪುಟ್ಟ ಮನೆ

ವೆಸ್ಟರ್ಲಿ ಸೆಂಟಾರ್ 26 ಅಡಿಯ ಜೋಡಿ ಕೀಲ್ ದೋಣಿ. 1969ರಿಂದ 1980ರವರೆಗೆ ಎರಡು ಸಾವಿರಕ್ಕೂ ಜಾಸ್ತಿ ಕಟ್ಟಿದರು. ಬ್ರಿಟನ್ನಿನ ಯಾವ ಹಿನ್ನೀರಿಗೆ ಹೋದರೂ ಒಂದಾದರೂ ಕೆಸರಿನಲ್ಲಿ ನಿಂತಿರುತ್ತದೆ. ನೀರಿನ ಕೆಳಗೆ ಬರೀ 3 ಅಡಿ ಆಳ. ಇಳಿತ ಬಂದರೆ ಎರಡು ಕಾಲಿನ ಮೇಲೆ ನೆಟ್ಟಗೆ ನಿಲ್ಲುತ್ತದೆ, ನೀವು ಒಳಗೆ ಚಹಾ ಕುಡಿಯುತ್ತ ಕೂತಿರಬಹುದು. 26 ಅಡಿಗೆ ಒಳಗಿನ ಜಾಗ ಆಶ್ಚರ್ಯ ಆಗುವಷ್ಟಿದೆ.

ಕೊರತೆ ಏನು? ಗಾಳಿಗೆ ಎದುರಾಗಿ ಹೋಗುವುದರಲ್ಲಿ ಮಂದ. ಅಲೆ ಎದ್ದರೆ ಇನ್ನೂ ಮಂದ. ಕೀಲ್‌ಗಳು ಒಡಲಿಗೆ ಸೇರುವ ಜಾಗ ವರ್ಷಗಳ ಕಾಲ ಕೆಸರಿನಲ್ಲಿ ಕೂತು ಎದ್ದು ಸಡಿಲವಾಗಿರಬಹುದು. ಅಲ್ಲಿ ಒಳಗಿನಿಂದ ಫೈಬರ್ ಹಾಕಿ ಬಲಪಡಿಸಿದ್ದಾರಾ ಅಂತ ಕೇಳಿ. ಮೊದಲ ದೋಣಿ, ಕಡಿಮೆ ದುಡ್ಡು, ಬೇಸಿಗೆಯ ವಾರಾಂತ್ಯ, ಮಕ್ಕಳು – ಇಷ್ಟಾದರೆ ಇದೇ ಸಾಕು, ಮುಂದೆ ಓದದೆ ಹೋಗಿ ಕೊಂಡುಬಿಡಿ.

ಕೊಂಟೆಸಾ 32: ಮನಸ್ಸು ಕದ್ದದ್ದು

ನಾನು ನಿಜವಾಗಿ ಮೆಚ್ಚಿದ್ದು ಇದನ್ನು. ಡೇವಿಡ್ ಸ್ಯಾಡ್ಲರ್ ಅವರ ವಿನ್ಯಾಸ, ಲಿಮಿಂಗ್ಟನ್ನಿನಲ್ಲಿ ಜೆರೆಮಿ ರಾಜರ್ಸ್ ಕಟ್ಟಿದ್ದು. 1970ರ ದಶಕದ ಆರಂಭದಿಂದ ಏಳುನೂರಕ್ಕೂ ಜಾಸ್ತಿ ಹೊರಬಂದಿವೆ. ಕಿರಿದಾದ ಮೈ, ತಗ್ಗಿದ ಡೆಕ್, ಫಿನ್ ಕೀಲ್. ಬಂದರಿನಲ್ಲಿ ನಿಂತಿದ್ದರೂ ಎಲ್ಲಿಗೋ ಹೊರಟಿರುವ ಹಾಗೆ ಕಾಣುತ್ತದೆ.

ಇದರ ಹೆಸರು ನಿಂತಿರುವುದು 1979ರ ಆಗಸ್ಟ್ ತಿಂಗಳ ಫಾಸ್ಟ್‌ನೆಟ್ ರೇಸಿನ ಮೇಲೆ. 303 ದೋಣಿ ಹೊರಟಿದ್ದವು. ಐರ್ಲೆಂಡಿನ ದಕ್ಷಿಣದ ಕಡಲಿನಲ್ಲಿ ಬಿರುಗಾಳಿ ಹಿಡಿಯಿತು. ರೇಸಿನಲ್ಲಿದ್ದ 15 ಮಂದಿ ಸತ್ತರು. ಅತಿ ಚಿಕ್ಕ ದೋಣಿಗಳ ಗುಂಪಿನಲ್ಲಿ ರೇಸ್ ಮುಗಿಸಿದ್ದು ಒಂದೇ ಒಂದು, 'ಅಸೆಂಟ್' ಅನ್ನುವ ಕೊಂಟೆಸಾ 32. ಇದರ ಹಿಂದೆ ಒಂದು ಲೆಕ್ಕ ಇದೆ. ದೋಣಿ ಎಷ್ಟು ಡಿಗ್ರಿ ವಾಲಿದ ಮೇಲೂ ತಾನಾಗಿ ಮೇಲೆ ಏಳುತ್ತದೆ ಅನ್ನುವುದಕ್ಕೆ ಒಂದು ಮಿತಿ ಇರುತ್ತದೆ. ಕೊಂಟೆಸಾಗೆ ಅದು 150 ಡಿಗ್ರಿಗೂ ಜಾಸ್ತಿ. ಅಂದರೆ ಹೆಚ್ಚುಕಡಿಮೆ ತಲೆಕೆಳಗಾದರೂ ಎದ್ದು ಬರುತ್ತದೆ. ಈಗಿನ ಅಗಲ ಹೊಟ್ಟೆಯ ದೋಣಿಗಳಲ್ಲಿ ಅದು 120ರ ಆಸುಪಾಸು.

ಹಾಗಾದರೆ ಯಾಕೆ ಕೊಳ್ಳಲಿಲ್ಲ? ನನ್ನ ಹೆಂಡತಿ ಶಿವಮೊಗ್ಗದವಳು, ಕಡಲಿನ ಭ್ರಮೆ ಅವಳಿಗಿಲ್ಲ. ಒಳಗೆ ಇಳಿದವಳೇ ಎರಡು ಕೈ ಚಾಚಿದಳು. 'ರೀ, ಎರಡೂ ಗೋಡೆ ಸಿಗ್ತಾ ಇದೆ. ಹದಿನೈದು ದಿನ ಇದರಲ್ಲಿ ನೀವೊಬ್ಬರೇ ಇರಿ' ಅಂದಳು. ಅತಿ ಅಗಲದ ಕಡೆ ಹೊರಗಿನ ಅಳತೆಯೇ ಒಂಬತ್ತೂವರೆ ಅಡಿ. ಎರಡು ಕಡೆ ಸೀಟು, ಕಪಾಟು ಕಳೆದರೆ ನಡುವೆ ಉಳಿಯುವುದು ಓಣಿ. ಡೆಕ್ ತಗ್ಗಾಗಿರುವುದರಿಂದ ಅಲೆ ಎದ್ದಾಗ ಹೊರಗೆ ಕೂತವರು ಒದ್ದೆ. ನೀರಿನ ಕೆಳಗೆ ಐದೂವರೆ ಅಡಿ, ಕೆಸರಿನ ಹಿನ್ನೀರು ಇದಕ್ಕೆ ಆಗುವುದಿಲ್ಲ. ಇಬ್ಬರಿಗೂ ಓಟದ ಹುಚ್ಚಿದ್ದು, ಸಾಮಾನು ಕಡಿಮೆ ಇದ್ದರೆ ಇದಕ್ಕಿಂತ ಒಳ್ಳೆಯ 32 ಅಡಿ ಸಿಗುವುದು ಕಷ್ಟ. ಹೆಸರಿದ್ದರೆ ಬೆಲೆಯೂ ಇರುತ್ತದೆ, ಅದೂ ನೆನಪಿರಲಿ.

ರಸ್ಲರ್ 36: ದೂರ ಹೋಗುವವರಿಗೆ

ಇದು ಉದ್ದ ಕೀಲ್ ದೋಣಿ. ಕೊಂಟೆಸಾಗಿಂತ ನಾಲ್ಕು ಅಡಿಯೂ ಉದ್ದ ಜಾಸ್ತಿ ಇಲ್ಲ, ತೂಕ ಮಾತ್ರ ಅದರ ಒಂದೂವರೆ ಪಟ್ಟಿಗೂ ಹೆಚ್ಚು, ಏಳೂವರೆ ಟನ್ ಹತ್ತಿರ. 2018ರ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಮೊದಲ ಮೂರು ಸ್ಥಾನವೂ ರಸ್ಲರ್ 36 ದೋಣಿಗಳಿಗೇ ಹೋದವು. ಒಬ್ಬರೇ, ಎಲ್ಲೂ ನಿಲ್ಲದೆ, ಹಳೆಯ ಕಾಲದ ಸಲಕರಣೆಯಲ್ಲೇ ಭೂಮಿ ಸುತ್ತುವ ರೇಸ್ ಅದು. ಅದೇ ರೇಸಿನಲ್ಲಿ ಬೇರೆ ದೋಣಿಯಲ್ಲಿದ್ದ ನಮ್ಮ ದೇಶದ ಅಭಿಲಾಷ್ ಟಾಮಿ ಅವರ ಹಾಯಿಕಂಬ ಹಿಂದೂ ಮಹಾಸಾಗರದಲ್ಲಿ ಮುರಿದು, ಬೆನ್ನಿಗೆ ಪೆಟ್ಟಾಗಿತ್ತು. 2022ರ ರೇಸಿಗೆ ಅವರು ರಸ್ಲರ್ 36 ತೆಗೆದುಕೊಂಡು ಹೋದರು. 236 ದಿನದಲ್ಲಿ ಸುತ್ತಿ ಎರಡನೆಯವರಾಗಿ ಬಂದರು.

ನಾವು ನೋಡಿದ ರಸ್ಲರ್ ಒಳಗೆ ನಿಂತರೆ ಹಳೆಯ ತೊಟ್ಟಿಮನೆಯಲ್ಲಿ ನಿಂತ ಹಾಗೆ, ಎಲ್ಲಾ ಮರ, ಎಲ್ಲಾ ಗಟ್ಟಿ. ಆದರೆ ಬೆಲೆ ನಮ್ಮ ಕೈಗೆ ಎಟುಕಲಿಲ್ಲ. ಇನ್ನೊಂದು ತೊಂದರೆ, ಉದ್ದ ಕೀಲ್ ದೋಣಿ ಹಿಂದಕ್ಕೆ ಹೋಗುವಾಗ ಯಾರ ಮಾತೂ ಕೇಳುವುದಿಲ್ಲ. ಇಕ್ಕಟ್ಟಾದ ಮರೀನಾದಲ್ಲಿ ರಿವರ್ಸ್ ಹಾಕಿದರೆ ಅದು ಎತ್ತ ತಿರುಗುತ್ತದೆ ಅನ್ನುವುದು ಅದಕ್ಕೇ ಗೊತ್ತು. ಅಟ್ಲಾಂಟಿಕ್ ದಾಟುವ ಯೋಚನೆ ಇಲ್ಲದಿದ್ದರೆ ಇಷ್ಟು ಭಾರ ಯಾಕೆ ಹೊರಬೇಕು?

ಸ್ವೀಡನ್ನಿನ ಹಾಲ್‌ಬರ್ಗ್-ರಾಸಿ 352 ಕೂಡ ಇದೇ ಸಾಲಿನದ್ದು. ಗಟ್ಟಿ, ಬೆಚ್ಚಗೆ, ದುಬಾರಿ. ಅದರಲ್ಲಿ ತೇಗದ ಡೆಕ್ ಇದ್ದರೆ ಮಂಡಿಯೂರಿ ನೋಡಿ. ತೇಗ ಸವೆದು ತಿರುಪಿನ ತಲೆ ಕಾಣುತ್ತಿದ್ದರೆ ಡೆಕ್ ಕೆಲಸ ಹತ್ತಿರ ಬಂದಿದೆ, ಆ ಖರ್ಚು ಸಣ್ಣದಲ್ಲ.

ಅಗಲ ಹೊಟ್ಟೆಯ ಬಿಳಿ ದೋಣಿಗಳು

1990ರ ನಂತರದ ಬೆನೆಟೋ ಓಷಿಯಾನಿಸ್, ಜಾನೋ ಸನ್ ಒಡಿಸ್ಸಿ, ಬವೇರಿಯಾ – ಇವುಗಳನ್ನು ಹಳೆಯ ಕಡಲಿಗರು ಮೂಗು ಮುರಿದು 'ಸಾಧಾರಣ ಬಿಳಿ ದೋಣಿ' ಅನ್ನುತ್ತಾರೆ. ನನಗೆ ಆ ತಾತ್ಸಾರ ಒಪ್ಪಿಗೆ ಇಲ್ಲ. ಒಳಗೆ ಬೆಳಕು ಇದೆ, ಹಿಂದೆ ಬಾಗಿಲಿರುವ ಮಲಗುವ ಕೋಣೆ ಇದೆ, ಬಿಸಿನೀರು ಇದೆ. ಗ್ರೀಸ್, ಕ್ರೊಯೇಷಿಯಾ ಕಡೆ ಇಟ್ಟುಕೊಳ್ಳುವುದಾದರೆ ಇವೇ ಸರಿ. ಮೆಡಿಟರೇನಿಯನ್‌ನಲ್ಲಿ ಉಬ್ಬರ ಇಳಿತ ಹೆಚ್ಚುಕಡಿಮೆ ಇಲ್ಲ, ಕೆಸರಿನ ಪ್ರಶ್ನೆಯೇ ಬರುವುದಿಲ್ಲ. ಅಲ್ಲಿ ದೋಣಿಯ ಹಿಂಭಾಗವನ್ನು ದಡಕ್ಕೆ ಕೊಟ್ಟು ಕಟ್ಟುತ್ತಾರೆ. ಹಿಂದೆ ಮೆಟ್ಟಿಲಿದ್ದು, ರಿವರ್ಸ್‌ನಲ್ಲಿ ಹೇಳಿದ ಮಾತು ಕೇಳುವ ದೋಣಿ ಬೇಕು. ರಸ್ಲರ್ ಅಲ್ಲಿ ಒದ್ದಾಡುತ್ತದೆ.

ಎರಡು ವಿಷಯ ಮಾತ್ರ ನೋಡಿ. ಒಂದು, ಬಾಡಿಗೆಗೆ ಓಡಿದ ದೋಣಿಯಾ? ಆಗಿದ್ದರೆ ಬೆಲೆ ಕಡಿಮೆ, ಎಂಜಿನ್ ಓಡಿದ ಗಂಟೆ ಜಾಸ್ತಿ, ಎಲ್ಲೆಲ್ಲಿ ನೆಲಕ್ಕೆ ತಾಗಿಸಿದ್ದಾರೋ ಯಾರಿಗೂ ಗೊತ್ತಿಲ್ಲ. ಎರಡು, ಅಡುಗೆ ಜಾಗ. ಕೆಲವು ಮಾದರಿಗಳಲ್ಲಿ ಅಡುಗೆ ಕಟ್ಟೆ ಒಂದು ಪಕ್ಕಕ್ಕೆ ಉದ್ದಕ್ಕೆ ಇರುತ್ತದೆ. ಬಂದರಿನಲ್ಲಿ ಚೆಂದ. ದೋಣಿ ವಾಲಿದಾಗ ಸೊಂಟ ಒರಗಿಸಲು ಏನೂ ಸಿಗುವುದಿಲ್ಲ. ಕಟ್ಟೆ ಸುತ್ತ ಬಳಸಿ ಬಂದಿದ್ದರೆ ಆರಾಮ. ನಾವು ಪ್ರತಿ ದೋಣಿಗೂ ಮನೆಯ ಮೂರು ಲೀಟರ್ ಕುಕ್ಕರ್ ಹೊತ್ತುಕೊಂಡು ಹೋಗುತ್ತಿದ್ದೆವು. ದೋಣಿಯ ಒಲೆ ತೊಟ್ಟಿಲ ಹಾಗೆ ತೂಗುತ್ತದೆ, ಪಾತ್ರೆ ಜಾರದಂತೆ ಹಿಡಿಯಲು ಕಂಬಿ ಇರುತ್ತದೆ. ಆ ಕಂಬಿಯೊಳಗೆ ಕುಕ್ಕರ್ ಕೂರಬೇಕು, ಒಲೆ ತೂಗಿದಾಗ ಹಿಡಿ ಗೋಡೆಗೆ ಬಡಿಯಬಾರದು. ಹನ್ನೊಂದರಲ್ಲಿ ನಾಲ್ಕು ದೋಣಿ ಇದರಲ್ಲೇ ಫೇಲ್. ಬ್ರೋಕರ್‌ಗಳು ನಗುತ್ತಿದ್ದರು. ನಗಲಿ ಬಿಡಿ, ಅನ್ನ ಮಾಡಿಕೊಳ್ಳಬೇಕಾದವರು ನಾವು.

ನಾವು ಕೊಂಡದ್ದು

ವೆಸ್ಟರ್ಲಿ ಫುಲ್ಮಾರ್, 32 ಅಡಿ, ಎಡ್ ಡುಬ್ವಾ ವಿನ್ಯಾಸ. ಇದು ಫಿನ್ ಕೀಲ್‌ನಲ್ಲೂ ಜೋಡಿ ಕೀಲ್‌ನಲ್ಲೂ ಬಂದಿದೆ. ನಮ್ಮದು ಜೋಡಿ. ಅಗಲ ಹನ್ನೊಂದು ಅಡಿ ಹತ್ತಿರ, ಕೊಂಟೆಸಾಗಿಂತ ಒಂದೂವರೆ ಅಡಿ ಜಾಸ್ತಿ. ಆ ಒಂದೂವರೆ ಅಡಿಯಲ್ಲೇ ನಮ್ಮ ಸಂಸಾರ ಉಳಿದಿದೆ. ಕೆಸರಿನಲ್ಲಿ ನಿಲ್ಲುತ್ತದೆ, ಸೆಂಟಾರ್‌ಗಿಂತ ಚೆನ್ನಾಗಿ ಓಡುತ್ತದೆ. ಗಾಳಿಗೆ ಎದುರಾಗಿ ವಾಲಿ ಹೋಗುವಾಗ ಮೇಲೆದ್ದ ಕಡೆಯ ಕೀಲ್ ಹತ್ತಿರ ಅಲೆ ಸಿಕ್ಕಿಕೊಂಡು ಧಡ್ ಧಡ್ ಅನ್ನುತ್ತದೆ. ಮೊದಲ ರಾತ್ರಿ ಯಾರೋ ಕೆಳಗಿನಿಂದ ಬಾಗಿಲು ಬಡಿದ ಹಾಗಿತ್ತು. ವರ್ಷಕ್ಕೊಮ್ಮೆ ತಳಕ್ಕೆ ಬಣ್ಣ ಬಳಿಯಲು ಎರಡು ಕೀಲ್ ನಡುವೆ ಅಂಗಾತ ಮಲಗಬೇಕು. ಬಣ್ಣ ಕೀಲಿಗಿಂತ ಮುಖಕ್ಕೇ ಹೆಚ್ಚು ಹತ್ತುತ್ತದೆ.

ಎತ್ತಿನ ಹಲ್ಲು ನೋಡುವುದು

ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಕೊಂಬಿನ ಬಣ್ಣ ನೋಡಿ ಮರುಳಾಗುವುದಿಲ್ಲ, ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ದೋಣಿಗೂ ಹಲ್ಲುಗಳಿವೆ.

ನಮ್ಮ ಆರನೆಯ ದೋಣಿ ಫಳಫಳ ಹೊಳೆಯುತ್ತಿತ್ತು. ಹೊಸ ದಿಂಬು, ಹೊಸ ಪರದೆ. ನಾನು ನೆಲದ ಹಲಗೆ ಎತ್ತಿದೆ. ಕೆಳಗಿನ ಹೊಂಡಕ್ಕೆ, ಅಂದರೆ ಬಿಲ್ಜ್‌ಗೆ, ಆಗಷ್ಟೇ ಬಳಿದ ಬೂದು ಬಣ್ಣ. ಉಳಿದ ಮೂಲೆಗಳೆಲ್ಲ ಹಳೆಯ ಬಣ್ಣದಲ್ಲೇ ಇದ್ದವು, ಕೀಲ್ ಹಿಂಭಾಗದ ಮೇಲೆ ಮಾತ್ರ ಹೊಸದು. ಟಾರ್ಚ್ ಓರೆಯಾಗಿ ಹಿಡಿದರೆ ಬಣ್ಣದ ಕೆಳಗೆ ಕೂದಲೆಳೆಯಂಥ ಗೆರೆ ಅಡ್ಡಕ್ಕೆ ಹೋಗಿತ್ತು. ಕಲ್ಲಿಗೆ ಬಡಿದ ದೋಣಿಯಲ್ಲಿ ಕೀಲ್‌ನ ಮುಂಭಾಗ ಕೆಳಗೆ ಎಳೆದುಕೊಳ್ಳುತ್ತದೆ, ಹಿಂಭಾಗ ಒಡಲಿನೊಳಕ್ಕೆ ಒತ್ತುತ್ತದೆ. ಬಿರುಕು ಬಿಡುವುದು ಅಲ್ಲೇ. ಮಾಲೀಕರು 'ಸುಮ್ನೆ ಚೆಂದ ಕಾಣಲಿ ಅಂತ ಬಳಿದೆ' ಅಂದರು. ನಾವು ಥ್ಯಾಂಕ್ಸ್ ಹೇಳಿ ಏಣಿ ಇಳಿದೆವು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2014ರ ಮೇ ತಿಂಗಳಲ್ಲಿ 'ಚೀಕಿ ರಫೀಕಿ' ಅನ್ನುವ ದೋಣಿಯ ಕೀಲ್ ಅಟ್ಲಾಂಟಿಕ್ ನಡುವೆ ಕಳಚಿಬಿತ್ತು, ನಾಲ್ವರೂ ಹೋದರು.

ಬಿಲ್ಜ್‌ನಲ್ಲಿ ನೀರಿದ್ದರೆ ಬೆರಳದ್ದಿ ನಾಲಿಗೆಗೆ ಇಟ್ಟು ನೋಡಿ. ಹೇಸಿಗೆ ಅನ್ನಿಸಿದರೂ ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಉಪ್ಪಾಗಿದ್ದರೆ ಕಡಲು ಒಳಗೆ ಬರುತ್ತಿದೆ. ಸಪ್ಪೆಯಾಗಿದ್ದರೆ ಡೆಕ್ ಮೇಲಿನ ಮಳೆನೀರು ಅಥವಾ ಕುಡಿಯುವ ನೀರಿನ ಟ್ಯಾಂಕ್.

ಡೆಕ್ ಮೇಲೆ ಬರಿಗಾಲಲ್ಲಿ ನಡೆಯಿರಿ. ಎಷ್ಟೋ ದೋಣಿಗಳ ಡೆಕ್‌ನಲ್ಲಿ ಎರಡು ಫೈಬರ್ ಪದರದ ನಡುವೆ ಬಾಲ್ಸಾ ಮರ ಇರುತ್ತದೆ. ನೀರು ಹೊಕ್ಕರೆ ಕೊಳೆಯುತ್ತದೆ, ಕಾಲಿಟ್ಟಲ್ಲಿ ಮೆತ್ತಗೆ ಕುಸಿಯುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ಬಡಿದರೆ ಒಳ್ಳೆಯ ಜಾಗ ಟಣ್ ಅನ್ನುತ್ತದೆ, ಕೊಳೆತದ್ದು ಹಳಸಿದ ಹಲಸಿನ ಹಣ್ಣು ಬಡಿದ ಹಾಗೆ ದಪ್ ಅನ್ನುತ್ತದೆ.

ಒಡಲಿನ ಕೆಳಭಾಗದಲ್ಲಿ ಗುಳ್ಳೆಗಳಿದ್ದರೆ ಅದು ಆಸ್ಮೋಸಿಸ್. ನೀರು ಫೈಬರಿನೊಳಗೆ ನಿಧಾನವಾಗಿ ಇಳಿದಿರುತ್ತದೆ. ಗುಳ್ಳೆ ಒಡೆದರೆ ವಿನೆಗರ್ ವಾಸನೆ. ಹೆಸರು ಕೇಳಿ ಎಲ್ಲರೂ ಹೆದರುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಾಲ್ಕಾರು ಗುಳ್ಳೆ ಇದ್ದರೆ ಅದು ಬೆಲೆ ಇಳಿಸಲು ಒಳ್ಳೆಯ ನೆಪ, ಅಷ್ಟೇ. ಅದರಿಂದ ಮುಳುಗಿದ ದೋಣಿ ನಾನಂತೂ ಕೇಳಿಲ್ಲ.

ನೀರು ಒಳಗೆ ಹೊರಗೆ ಹೋಗುವ ಕೊಳವೆಗಳಿಗೆ ಒಡಲಿನಲ್ಲೇ ನಲ್ಲಿಗಳಿರುತ್ತವೆ. ಚಾಕುವಿನ ತುದಿಯಿಂದ ಒಂದು ಗೀರು ಎಳೆಯಿರಿ. ಹಳದಿ ಹೊಳೆದರೆ ಸರಿ. ಗುಲಾಬಿ ಬಣ್ಣ ಕಂಡರೆ ಅದರಲ್ಲಿದ್ದ ಸತು ಕರಗಿ ಹೋಗಿದೆ, ಒಂದು ದಿನ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಮುಳುಗಿಸುವುದು ಗುಳ್ಳೆಗಿಂತ ಇದೇ.

ಎಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ. ನೀವು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನಿಸಿ. ಹೋದ ಕೂಡಲೇ ಮುಟ್ಟಿ ನೋಡುವುದು ನನ್ನ ಅಭ್ಯಾಸ. ನೀಲಿ ಹೊಗೆ ನಿಲ್ಲದಿದ್ದರೆ ಎಣ್ಣೆ ಸುಡುತ್ತಿದೆ. ಹೊಗೆ ಕೊಳವೆಯಿಂದ ನೀರು ಉಗುಳಬೇಕು. ಕೆಲವು ದೋಣಿಗಳಲ್ಲಿ ಎಂಜಿನ್ ಕಾಲು ನೇರವಾಗಿ ಒಡಲನ್ನು ತೂರಿ ಇಳಿದಿರುತ್ತದೆ, ಅದನ್ನು ಸೈಲ್‌ಡ್ರೈವ್ ಅನ್ನುತ್ತಾರೆ. ಅಲ್ಲಿ ಕಡಲನ್ನು ತಡೆದಿರುವುದು ಒಂದು ರಬ್ಬರ್ ಉಂಗುರ. ಎಂಜಿನ್ ತಯಾರಿಸುವ ವೋಲ್ವೋ ಪೆಂಟಾ ಅದನ್ನು ಏಳು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನುತ್ತದೆ. ರಸೀದಿ ಕೇಳಿ.

ಹಾಯಿಕಂಬವನ್ನು ಹಿಡಿದಿರುವ ಸ್ಟೀಲ್ ತಂತಿಗಳಿಗೂ ವಯಸ್ಸಿದೆ. ಹತ್ತು ಹದಿನೈದು ವರ್ಷ ದಾಟಿದರೆ ವಿಮೆಯವರು ತಕರಾರು ತೆಗೆಯುತ್ತಾರೆ. ಇದೇ ಕಾರಣಕ್ಕೆ ಎರಡು ದೋಣಿಗಳನ್ನು ಹೋಲಿಸುವಾಗ ಕಟ್ಟಿದ ವರ್ಷ ನಾನು ನೋಡುವುದಿಲ್ಲ. ಒಂದು ಚೀಟಿ ತೆಗೆದು ನಾಲ್ಕು ವಯಸ್ಸು ಬರೆಯುತ್ತೇನೆ: ಎಂಜಿನ್, ತಂತಿ, ಹಾಯಿ, ನಲ್ಲಿ. ಯಾವುದು ಮುಗಿದಿದೆಯೋ ಅದರ ಖರ್ಚನ್ನು ಬೆಲೆಗೆ ಕೂಡಿಸುತ್ತೇನೆ. ಹಾಗೆ ಕೂಡಿಸಿದಾಗ ಅಗ್ಗದ ಫುಲ್ಮಾರ್ ಒಂದು ನಾವು ಕೊಂಡದ್ದಕ್ಕಿಂತ ದುಬಾರಿಯಾಯಿತು. ಅದಕ್ಕೆ ಹೊಸ ಎಂಜಿನ್ ಬೇಕಿತ್ತು.

ಕಾಗದ ಪತ್ರ

ಬ್ರೋಕರ್ ಎಷ್ಟೇ ಒಳ್ಳೆಯವರಾದರೂ ಅವರು ಮಾರುವವರ ಕಡೆಯವರು. ದೋಣಿ ಪರೀಕ್ಷಿಸಿ ವರದಿ ಕೊಡುವ ಸರ್ವೇಯರ್‌ನನ್ನು ನೀವೇ ಹುಡುಕಿ, ದುಡ್ಡು ನೀವೇ ಕೊಡಿ. ಸಾಮಾನ್ಯವಾಗಿ ಶೇಕಡಾ 10 ಮುಂಗಡ ಕೊಟ್ಟು 'ಸರ್ವೇಗೆ ಒಳಪಟ್ಟು' ಅಂತ ಬರೆಸಿಕೊಳ್ಳುವುದು ರೂಢಿ. ದೊಡ್ಡ ದೋಷ ಸಿಕ್ಕರೆ ಬೆಲೆ ಇಳಿಸಬಹುದು ಅಥವಾ ಮುಂಗಡ ವಾಪಸ್ ಪಡೆಯಬಹುದು. ಹಳೆಯ ಮಾರಾಟ ಪತ್ರಗಳ ಸಾಲು ಮೊದಲಿನಿಂದ ಇದ್ದರೆ ನೆಮ್ಮದಿ. ಒಂದು ತಮಾಷೆ: ಬ್ರಿಟಿಷ್ ರಿಜಿಸ್ಟ್ರಿಯಲ್ಲಿ ಹಡಗನ್ನು 64 ಪಾಲು ಮಾಡುತ್ತಾರೆ. ಪತ್ರದಲ್ಲಿ '64ಕ್ಕೆ 64 ಪಾಲು' ಅಂತ ಓದಿದಾಗ ಊರಿನ ಗದ್ದೆಯ ಪಾಲುಪಟ್ಟಿ ನೆನಪಾಯಿತು.

ಫ್ರಾನ್ಸ್‌ಗೆ ಹೋಗುವ ಆಸೆ ಇದ್ದರೆ ಇದನ್ನೂ ತಿಳಿದಿರಿ. ಬ್ರೆಕ್ಸಿಟ್ ನಂತರ ಬ್ರಿಟನ್ನಿನಲ್ಲಿ ವಾಸ ಇರುವವರ ದೋಣಿ ತೆರಿಗೆ ಕಟ್ಟದೆ ಯುರೋಪಿಯನ್ ಒಕ್ಕೂಟದಲ್ಲಿ 18 ತಿಂಗಳು ಇರಬಹುದು. ದೋಣಿಯವರು ಮಾತ್ರ 180 ದಿನಗಳಲ್ಲಿ 90 ದಿನ. ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೆ ಅದಕ್ಕೂ ಮೊದಲು ಷೆಂಗೆನ್ ವೀಸಾ ಬೇಕು. ಅಲೆಗಿಂತ ವೀಸಾ ಅಪಾಯಿಂಟ್‌ಮೆಂಟ್ ಕಷ್ಟ ಅಂತ ನಮ್ಮಲ್ಲಿ ಒಂದು ಮಾತಿದೆ.

ನಮ್ಮ ಫುಲ್ಮಾರ್ ಬೆಲೆ ಅರ್ಧ ಗಂಟೆಯಲ್ಲಿ ಕುದುರಿತು. ಆಮೇಲೆ ಎರಡು ವಾರ ಜಗಳ ನಡೆದದ್ದು ಅದರ ಜೊತೆಗಿದ್ದ ತೇಪೆ ಹಾಕಿದ ರಬ್ಬರ್ ದೋಣಿಗೆ. ಆನೆ ಮಾರಿ ಅಂಕುಶಕ್ಕೆ ಜಗಳ ಆಡಿದ ಹಾಗೆ. ಮಾಲೀಕರಿಗೆ ಎಪ್ಪತ್ತು ದಾಟಿತ್ತು, ದೋಣಿ ಬಿಡಲು ಮನಸ್ಸಿರಲಿಲ್ಲ, ಅದು ನಮಗೂ ಕಾಣುತ್ತಿತ್ತು. ಕೊನೆಗೆ ರಬ್ಬರ್ ದೋಣಿ ನಮಗೇ ಬಿಟ್ಟರು. ಒಲೆಯ ಮೇಲಿದ್ದ ಕೆಟಲ್ ಮಾತ್ರ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಒಲೆಯ ಕಂಬಿಯೊಳಗೆ ನನ್ನ ಹೆಂಡತಿ ಕುಕ್ಕರ್ ಇಟ್ಟಳು.